ಸರಿಯುತ್ತರಕ್ಕೆ ಆಕಳಿಸುತ್ತಿದ್ದ ಮೇಷ್ಟ್ರು

ಮಕ್ಕಳು ಸರಿಯಾದ ಉತ್ತರ ಹೇಳಿದರೆ ಪುಟ್ಟಬಸಪ್ಪ ಮೇಷ್ಟ್ರು ಆಕಳಿಸುತ್ತಿದ್ದರು. ಬಾಯಿಗೆ ಕೈ ಅಡ್ಡ ಹಿಡಿಯುವ ಅಭ್ಯಾಸವೂ ಇರಲಿಲ್ಲ. ಅವರಿಗೆ ಎರಡು ದವಡೆಹಲ್ಲು ಇಲ್ಲವೆಂಬುದು ಮಾಂಬಳ್ಳಿ ಶಾಲೆಯ ಎಲ್ಲ ಮಕ್ಕಳಿಗೂ ಗೊತ್ತಿತ್ತು. ತಪ್ಪು ಉತ್ತರ ಬಂದರೆ ಮಾತ್ರ ಮನುಷ್ಯನಿಗೆ ಜೀವ ಬರುತ್ತಿತ್ತು. ಕುರ್ಚಿಯಿಂದೆದ್ದು ಆ ಹುಡುಗನ ಮುಂದೆ ಕುಕ್ಕರುಗಾಲಲ್ಲಿ ಕೂತು, “ಅದ್ಯಾಕ್ಲಾ ಅಂಗಂತೀಯೆ? ಬುಡ್ಸಿ ಯೋಳು” ಎಂದು ಕೇಳಿ, ಹೇಳಿದ್ದನ್ನು ದಪ್ಪ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದರು. ಹೆಸರು, ವಯಸ್ಸು, ತಪ್ಪು. ಹಾಜರಿ ಪುಸ್ತಕಕ್ಕೆ ಈ ಭಾಗ್ಯ ಎಂದೂ ಸಿಗಲಿಲ್ಲ.

ಅವರ ಊರು ಕೊಳ್ಳೇಗಾಲ. ಆಗ ಕೊಳ್ಳೇಗಾಲ ಮದ್ರಾಸಿಗೆ ಸೇರಿತ್ತು, ನಮ್ಮ ಯಳಂದೂರು ಸೀಮೆ ಮೈಸೂರಿಗೆ. ದಿನಾ ಸೈಕಲ್ಲು ತುಳಿದು ಒಂದು ಸರ್ಕಾರದಿಂದ ಇನ್ನೊಂದು ಸರ್ಕಾರಕ್ಕೆ ಬರುವವನಿಗೆ ಅರ್ಧ ಗಂಟೆ ತಡವಾದರೆ ತಪ್ಪೇನು ಎಂದು ವಾದಿಸುತ್ತಿದ್ದರು. ನಾನು ಬೆಳಗಿನ ಐದಕ್ಕೆ ತಣ್ಣೀರು ಹಾಕಿ ಎಬ್ಬಿಸುವ ಅಪ್ಪನ ಕೈಯಲ್ಲಿ ಬೆಳೆದವನು; ಇಂದಿಗೂ ಗಡಿಯಾರ ನೋಡದೆ ಊಟಕ್ಕೆ ಕೂರುವುದಿಲ್ಲ. ಆ ಅರ್ಧ ಗಂಟೆಯನ್ನು ನಾನಿನ್ನೂ ಕ್ಷಮಿಸಿಲ್ಲ.

ಶಾಲೆಗೆ ಸೇರುವ ವಯಸ್ಸಾಗಿದೆಯೇ ಎಂದು ತಿಳಿಯಲು ಆಗ ಒಂದೇ ದಾರಿ: ತಲೆಯ ಮೇಲಿಂದ ಕೈ ಹಾಯಿಸಿ ಆಚೆಯ ಕಿವಿ ಮುಟ್ಟಬೇಕು. ಅಪ್ಪನ ಎದುರಿನಲ್ಲಿ ನಾನು ಮುಟ್ಟಿದೆ. ಮೇಷ್ಟ್ರು ಆಕಳಿಸಿದರು. ಕೈ ಉದ್ದವಾದ ಮಾತ್ರಕ್ಕೆ ಬುದ್ಧಿ ಉದ್ದವಾಗುತ್ತದೆಯೇ ಎಂದು ಗೊಣಗಿ, ನನ್ನನ್ನು ಹತ್ತಿರ ಎಳೆದುಕೊಂಡರು.

“ನಿಂಗೆ ಅಣ್ಣ ಅವ್ನಾ?”

“ಅವ್ನೆ ಸಾ. ಮಾದಪ್ಪ.” ಅಣ್ಣ ನನ್ನ ಪಕ್ಕದಲ್ಲೇ ನಿಂತಿದ್ದ.

“ಮಾದಪ್ಪಂಗೆ ತಮ್ಮ ಅವ್ನಾ?”

ನಾನು ಅಣ್ಣನನ್ನು ಅಡಿಯಿಂದ ಮುಡಿಯವರೆಗೆ ನೋಡಿದೆ. ಮನೆಯಲ್ಲಿರುವವರನ್ನೆಲ್ಲ ಒಬ್ಬೊಬ್ಬರಾಗಿ ನೆನೆಸಿಕೊಂಡೆ. “ಇಲ್ಲ ಸಾ” ಎಂದೆ.

ಅಣ್ಣ ನನ್ನ ತೋಳು ಚಿವುಟಿದ. ಅಪ್ಪ ನೆಲ ನೋಡಿದರು. ಮೇಷ್ಟ್ರು ಮಾತ್ರ ತೊಡೆ ತಟ್ಟಿಕೊಂಡು ನೋಟ್‌ಬುಕ್ ತೆಗೆದು ಅಪ್ಪನಿಗೆ ಹೇಳಿದರು: “ಬೈಬ್ಯಾಡಿ ಸಿವಣ್ಣೋರೆ. ಇವ್ನು ಇನ್ನೂ ತನ್ನೊಳ್ಗೇ ಕುಂತವ್ನೆ. ಅಲ್ಲಿಂದ ಎಲ್ರೂ ಕಾಣ್ತರೆ, ಇವ್ನೊಬ್ಬ ಕಾಣಕಿಲ್ಲ. ಈಚ್ಗೆ ಬತ್ತನೆ, ಬುಡಿ.”

ಅಣ್ಣ ರಾತ್ರಿಯೊಳಗೆ ನನಗೆ ಸರಿಯುತ್ತರ ಬಾಯಿಪಾಠ ಮಾಡಿಸಿದ. ಮರುದಿನ ಗಟ್ಟಿಯಾಗಿ ಒಪ್ಪಿಸಿದೆ. ಮೇಷ್ಟ್ರು ಆಕಳಿಸಿ, ನಮ್ಮ ತಂಗಿ ಗೌರಿಗೆ ಎಷ್ಟು ಜನ ಅಣ್ಣಂದಿರು ಎಂದು ಕೇಳಿದರು. ಒಬ್ಬನೇ, ಮಾದಪ್ಪ ಎಂದೆ. ನೋಟ್‌ಬುಕ್ ಮತ್ತೆ ಹೊರಬಂತು. ನಾನು ನನ್ನೊಳಗಿನಿಂದ ಈಚೆಗೆ ಬರಲು ಇನ್ನೂ ಎರಡು ವರ್ಷ ಹಿಡಿಯಿತು.

ಒಮ್ಮೆ ಇನ್ಸ್‌ಪೆಕ್ಟರು ಬಂದು, ಹೊಳೆ ಏಕೆ ಹರಿಯುತ್ತದೆ ಎಂದು ಕೇಳಿದರು. ಅದಕ್ಕೂ ಮನೆ ಸೇರಿಕೊಳ್ಳಬೇಕಲ್ಲವೇ ಎಂದ ಕುಂಬಾರರ ರಂಗ. ಇನ್ಸ್‌ಪೆಕ್ಟರು ಮುಖ ಗಂಟಿಕ್ಕಿದರು. ಮೇಷ್ಟ್ರು ಹಿಗ್ಗಿ, “ಓದೊರ್ಸ ಇವ್ನು, ನಾವು ನೋಡ್ಲಿ ಅಂತ ಒಳೆ ಅರೀತದೆ ಅಂದಿದ್ದ ಸಾ. ಈಗ ಒಳೆಗೂ ಒಂದು ಸ್ವಂತ ಕೆಲ್ಸ ಕೊಟ್ಟವ್ನೆ. ಎಷ್ಟು ಮುಂದುವರ್ದವ್ನೆ ನೋಡಿ!” ಎಂದು ನೋಟ್‌ಬುಕ್ ಬಿಚ್ಚಿ ತೋರಿಸಿದರು. ಆ ವರ್ಷ ಮೇಷ್ಟ್ರಿಗೆ ಬಡ್ತಿ ಸಿಗಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಹೊಲದ ಬಾವಿ ನಮ್ಮಿಬ್ಬರಿಗೂ ಸೇರಿತು. ನಾನು ನೀರಿನ ಸರದಿಗೆ ವೇಳಾಪಟ್ಟಿ ಬರೆದು, ಎತ್ತು ಕಟ್ಟಿ ನೀರೆತ್ತುವ ಕಪಿಲೆಯ ಕಂಬಕ್ಕೆ ಅಂಟಿಸಿದೆ. ಅಣ್ಣ ಎತ್ತುಗಳ ಮರ್ಜಿ ನೋಡಿಕೊಂಡು ನೀರೆತ್ತುವವನು. ಒಂದು ದಿನ ಮುಕ್ಕಾಲು ಗಂಟೆ ಮೀರಿದ. ಮಾತು ಬೆಳೆಯಿತು. ಅವನು ಗಡಿ ದಾಟಿ, ಹೆಂಡತಿಯ ಊರಾದ ಮಧುವನಹಳ್ಳಿ ಸೇರಿದ. ಮೂರು ವರ್ಷ ಮಾತಿಲ್ಲ, ಮುಖ ನೋಡಿದ್ದಿಲ್ಲ.

ಆಗಲೇ ಮೇಷ್ಟ್ರು ಹಾಸಿಗೆ ಹಿಡಿದಿದ್ದಾರೆಂದು ತಿಳಿದು ಕೊಳ್ಳೇಗಾಲಕ್ಕೆ ಹೋದೆ. ಜಗಲಿಯ ಮಂಚದ ಮೇಲೆ ಸೊರಗಿ ಅರ್ಧವಾಗಿದ್ದರು. ಅಣ್ಣನ ತಪ್ಪುಗಳನ್ನು ತಾರೀಖು, ಗಂಟೆ ಸಮೇತ ಕ್ರಮವಾಗಿ ಹೇಳಿದೆ. ಎಲ್ಲ ಸರಿಯಾಗಿತ್ತು. ಮೇಷ್ಟ್ರು ಆಕಳಿಸಿದರು.

“ನಿಂಗೆ ಅಣ್ಣ ಅವ್ನಾ?”

“ಅವ್ನೆ ಸಾ.”

“ಮಾದಪ್ಪಂಗೆ ತಮ್ಮ ಅವ್ನಾ?”

‘ಅವ್ನೆ’ ಎನ್ನಲು ಬಾಯಿ ತೆರೆದವನು ಕೈಗಡಿಯಾರ ನೋಡಿಕೊಂಡೆ. ಮೇಷ್ಟ್ರು ದಿಂಬಿನ ಕೆಳಗೆ ಕೈಯಾಡಿಸಿ ನೋಟ್‌ಬುಕ್ ಎಳೆದರು. ಕಣ್ಣು ಹಳೆಯ ಹಾಗೆಯೇ ಮಿನುಗುತ್ತಿತ್ತು. “ಈಗ ವಯ್ಸೆಷ್ಟ್ಲಾ?”

“ಇಪ್ಪತ್ತೆಂಟು.”

ಅಂದು ನಾನು ಮಾಂಬಳ್ಳಿಯ ಬಸ್ಸು ಹತ್ತಲಿಲ್ಲ. ಮಧುವನಹಳ್ಳಿಗೆ ನಡೆದೆ. ಬಾಗಿಲಲ್ಲಿ ನಿಂತ ನನ್ನನ್ನು ನೋಡಿ ಅಣ್ಣ, “ಇದು ಯಾವ ವೇಳಾಪಟ್ಟೀಲಿತ್ಲಾ?” ಎಂದು ಕೇಳಿ, ಕಾಲಿಗೆ ನೀರು ಕೊಟ್ಟ.

ಹದಿನೈದು ದಿನ ಬಿಟ್ಟು ಇಬ್ಬರೂ ಒಟ್ಟಿಗೆ ಮೇಷ್ಟ್ರನ್ನು ನೋಡಲು ಹೋದೆವು. ಜಗಲಿಯ ಮೇಲೆ ಮಂಚವನ್ನು ಗೋಡೆಗೆ ಎತ್ತಿ ನಿಲ್ಲಿಸಿದ್ದರು. ಅವರ ಹೆಂಡತಿ ಒಳಗಿನಿಂದ ನೋಟ್‌ಬುಕ್ ತಂದು ನಮ್ಮ ಕೈಗಿಟ್ಟರು. ಕೊನೆಯ ಪುಟದಲ್ಲಿ ನನ್ನ ಹೆಸರು; ವಯಸ್ಸು ಇಪ್ಪತ್ತೆಂಟು; ಅಣ್ಣನಿಗೆ ತಮ್ಮ ಇಲ್ಲ.

ಅಣ್ಣ ಅದನ್ನು ಎರಡು ಸಲ ಓದಿದ. ಆಮೇಲೆ ಮೇಷ್ಟ್ರ ಹೆಂಡತಿಯ ಎದುರಿಗೇ ನನ್ನ ತೋಳು ಚಿವುಟಿದ.