ಮುತ್ಯಾನ ಚೌಕಡಿ ಅಂಗಿ

ನನ್ನ ದೊಡ್ಡ ಮೊಮ್ಮಗಳೇ, ಅವಳ ಬೆನ್ನಿಗೆ ಹುಟ್ಟಿದ ತುಂಟನೇ,

ಎದುರಿಗೆ ಕುಳಿತು ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಮುತ್ಯಾ, ನನ್ನ ಯಜಮಾನರು, ತೀರಿಕೊಂಡ ಮೇಲೆ ಅವರ ಬಟ್ಟೆಗಳನ್ನೆಲ್ಲ ಕೊಟ್ಟುಬಿಟ್ಟೆವು. ಒಂದು ಚೌಕಡಿ ಅಂಗಿಯನ್ನು ಮಾತ್ರ ನಾನು ಎತ್ತಿಟ್ಟಿದ್ದೆ. ಚಳಿಗಾಲದಲ್ಲಿ ರಾವೂರಿನ ಕಲ್ಲಿನ ಗಣಿಗೆ ಹಾಕಿಕೊಂಡು ಹೋಗುತ್ತಿದ್ದ ದಪ್ಪ ಅಂಗಿ. ಅದೂ ವಾಡಿಯ ಸಂತೆಯಲ್ಲಿ ಹಳೆ ಬಟ್ಟೆಯ ರಾಶಿಯಿಂದ ಆರಿಸಿ ತಂದದ್ದೇ. ಫರ್ಸಿ ಕಲ್ಲಿನ ಚಪ್ಪಡಿ ಎತ್ತಿ ಎತ್ತಿ ಬಲ ಮೊಣಕೈ ಹರಿದಿತ್ತು. ಹೊಲಿದು ಕೊಡುತ್ತೇನೆಂದರೆ, "ಇರ್ಲಿ ಬಿಡ, ಗಾಳಿ ಆಡ್ತದ" ಎನ್ನುತ್ತಿದ್ದರು.

ಸತ್ತವರ ಬಟ್ಟೆಯನ್ನು ನಮ್ಮ ಮನೆಯಲ್ಲಿ ಇಡಿಯಾಗಿ ಯಾರೂ ತೊಡುವುದಿಲ್ಲ. ಕತ್ತರಿಸಿ ಕೌದಿಗೆ ಹೊಲಿದರೆ ದೋಷವಿಲ್ಲ. ಹೊದ್ದು ಮಲಗಿದರೆ ಅವರು ಹತ್ತಿರ ಇದ್ದ ಹಾಗಾದೀತು ಎಂದು ಒಂದು ಮಧ್ಯಾಹ್ನ ಕತ್ತರಿ ಹಿಡಿದು ಕುಳಿತೆ. ಆಗಲೇ ನೀನು ಗಿಟಾರ್ ಹೊತ್ತು ಬಂದೆ, ದೊಡ್ಡವಳೇ.

"ಆಯಿ, ಕತ್ರಿ ಕೆಳಗಿಡು! ಆ ಅಂಗಿ ನನಗ ಬೇಕು."

"ಹುಚ್ಚಿ, ಸತ್ತವರ ಅಂಗಿ ಹಾಕ್ಕೋತಾರೇನ? ಮೊದಲ ನಿನ್ನ ಪ್ಯಾಂಟ ಕೊಡು, ತ್ಯಾಪಿ ಹಚ್ತೀನಿ. ನಾಯಿ ಎಳದಂಗ ಆಗ್ಯಾದ."

"ಇದಕ್ಕ ಗ್ರಂಜ್ ಅಂತಾರ, ಆಯಿ."

"ಹರಕ ಪ್ಯಾಂಟಿಗಿ ಹೆಸರ ಬ್ಯಾರೆ!" ಎಂದು ಕಟ್ಟೆಯ ಮೇಲಿಂದ ನಿನ್ನ ತಮ್ಮ ನಕ್ಕ.

ನೀನು ನನ್ನ ಪಕ್ಕ ಕುಳಿತು ತಿಳಿಸಿ ಹೇಳಿದೆ. ಎಲ್ಲೋ ದೂರದ ಚಳಿಯ ಊರಲ್ಲಿ, ಕೈಯಲ್ಲಿ ಕಾಸಿಲ್ಲದ ಹುಡುಗರು ಮರ ಕಡಿಯುವವರ ಹಳೆ ಅಂಗಿ ತೊಟ್ಟು, ತಮ್ಮ ಸಂಕಟವನ್ನೇ ಕೂಗಿ ಹಾಡಿದರಂತೆ. ಆ ಹಾಡಿಗೂ ಆ ಹರಕು ಉಡುಪಿಗೂ ಗ್ರಂಜ್ ಎಂದೇ ಹೆಸರಂತೆ. "ಈಗ ಅಂಗಡಿಯವರು ಹೊಸಾವೇ ಹರದು ಮಾರ್ತಾರ. ಮುತ್ಯಾಂದು ಖರೇ ದುಡದು ಹರದದ್ದು."

ಆ ಮಾತಿಗೆ ಕತ್ತರಿ ಕೆಳಗಿಟ್ಟೆ. ಕೊಡುವ ಮೊದಲು ಅಂಗಿಯನ್ನು ಒಗೆದೆ. ಹೊಲಿಗೆಗಳಲ್ಲಿ ಉಳಿದಿದ್ದ ಕಲ್ಲಿನ ಧೂಳು ಬೆಳ್ಳಗೆ ಬಚ್ಚಲಿಗೆ ಹರಿದುಹೋಯಿತು; ಅವರ ವಾಸನೆಯೂ ಹೋಯಿತು. ಮೊಣಕೈಗೆಂದು ದಾರ ಪೋಣಿಸಿದ್ದೆ, ಹೊಲಿಯಲಿಲ್ಲ.

ನೀನು ಅದನ್ನು ತೊಟ್ಟು ನುಡಿಸಿದೆ. ಹಾಡು ನನಗೆ ತಿಳಿಯಲಿಲ್ಲ. ಹರಿದ ಮೊಣಕೈ ಗಿಟಾರಿನ ಮೇಲೆ ಉಜ್ಜುವುದನ್ನೇ ನೋಡುತ್ತಿದ್ದೆ. ಕೌದಿಯಲ್ಲಿ ಅವರ ಅಂಗಿಯ ತುಂಡಿಗೆಂದು ಬಿಟ್ಟ ಜಾಗಕ್ಕೆ ನನ್ನದೇ ಹಳೆ ಸೀರೆಯ ತುಂಡು ಹಚ್ಚಿದೆ. ಹೊದ್ದರೆ ಬರೀ ನನ್ನದೇ ವಾಸನೆ.

ಆ ಅಂಗಿ ಪೂರ್ತಿ ಸವೆದ ದಿನ ಎಸೆಯಬೇಡಿ. ಒಂದು ತುಂಡನ್ನು ನನ್ನ ಸೀರೆಯ ಪಕ್ಕ ಹೊಲಿಯಿರಿ. ಅಲ್ಲಿಯವರೆಗೆ ಈ ಹಾಳೆಗಳು ಕೌದಿಯ ಮಡಿಕೆಯಲ್ಲಿರಲಿ. ಜೋಪಾನ ಮಾಡಿರಿ.