ವಿಮಾನದ ಜ್ವರ ನೋಡುವ ಅಕ್ಕ

ವಿಮಾನ ರಿಪೇರಿಯ ಹಿರಿಯ ಮೆಕ್ಯಾನಿಕ್, ಎಲ್ಲರ ಬಾಯಲ್ಲಿ ಮೇಸ್ತ್ರಿ, ಅವಳ ಕೋಣೆಗೆ ಮೊದಲ ಸಲ ಬಂದದ್ದು ಒಂದು ಸೋಮವಾರ ಬೆಳಿಗ್ಗೆ ಎಂಟೂಕಾಲಿಗೆ. ಬಾಗಿಲಲ್ಲೇ ನಿಂತು ಎಣ್ಣೆಗೈಯನ್ನು ಅಂಗಿಯ ಅಂಚಿಗೆ ಒರೆಸಿಕೊಂಡ, ತನ್ನ ಬೂಟುಗಳನ್ನೊಮ್ಮೆ ನೋಡಿಕೊಂಡ, ಒಳಗೆ ಕಾಲಿಡಲಿಲ್ಲ. ಕಿಟಕಿಯಿಲ್ಲದ ಆ ಕೋಣೆಯಲ್ಲಿ ಇದ್ದದ್ದು ಮೂರು ಪರದೆ, ಒಂದು ಫೋನು, ಅವಳು.

"ವಿಮಾನಕ್ಕೆ ಜ್ವರ ಬಂದಿದ್ಯಾ ಅಂತ ನೋಡೋ ಅಕ್ಕ ನೀವೇನಾ?"

"ನೋಡೋದು ವಿಮಾನದಲ್ಲಿರೋ ತಂತ್ರಾಂಶ ಅಣ್ಣ. ಏನು ಮಾಡ್ಬೇಕು ಅಂತಾನೂ ಅದೇ ಹೇಳತ್ತೆ. ನಾನು ಓದ್ತೀನಿ ಅಷ್ಟೆ."

"ಅಂದ್ರೆ ಅಳೋ ಮಗು ಅದು, ಎತ್ಕೊಳ್ಳೋರು ನೀವು!"

ಅಂದಿನಿಂದ ಹ್ಯಾಂಗರಿಗೆಲ್ಲ ಅವಳು ಜ್ವರದಕ್ಕ. ಆದರೆ ಕೆಲಸವಿಲ್ಲದೆಯೂ ಬರುತ್ತಿದ್ದವನು ಮೇಸ್ತ್ರಿ ಒಬ್ಬನೇ. ಅವಳ ತಾಯಿ ತೀರಿಕೊಂಡ ಮೇಲೆ ಅವಳನ್ನು "ಊಟ ಆಯ್ತಾ?" ಎಂದು ಕೇಳಲು ಅವನ ಹೊರತು ಇನ್ನೊಂದು ಜೀವ ಇರಲಿಲ್ಲ.

ಎರಡು ವರ್ಷದ ಮೇಲೆ ಒಂಬತ್ತನೇ ನಂಬರಿನ ವಿಮಾನ ಆಕಾಶದಿಂದಲೇ ಸಂದೇಶ ಕಳಿಸಿತು: ಎಡಗಡೆಯ ಹೈಡ್ರಾಲಿಕ್ ಪಂಪಿನ ಒತ್ತಡ ಏರಿಳಿಯುತ್ತಿದೆ, ಮುಂದಿನ ಹಾರಾಟಕ್ಕೆ ಮುಂಚೆ ಪರೀಕ್ಷಿಸಿ. ಅವಳು ಹಳೆಯ ದಾಖಲೆ ತೆಗೆದಳು. ಹತ್ತು ದಿನದಲ್ಲಿ ಅದೇ ದೂರು ಮೂರು ಸಲ ಬಂದಿತ್ತು. ಮೂರು ಸಲವೂ ಅವಳು ಸಂಜೆ ಮನೆಗೆ ಹೊರಟ ಮೇಲೆ ವಿಮಾನ ಇಳಿದಿತ್ತು, ಯಾರೋ ವಿದ್ಯುತ್ ತೆಗೆದು, ಮತ್ತೆ ಕೊಟ್ಟು, ದೂರನ್ನು ಅಳಿಸಿದ್ದರು. 'ಪರೀಕ್ಷಿಸಿದೆ, ಸರಿಯಿದೆ' ಎಂಬುದರ ಕೆಳಗಿನ ಸಹಿಯನ್ನು ಎರಡು ಸಲ ಓದಿದಳು. ಮೇಸ್ತ್ರಿಯದು.

ಅವನನ್ನು ಕರೆಸಿದಳು.

"ಸ್ವಿಚ್ ಆರಿಸಿ ಇಪ್ಪತ್ತು ಎಣಿಸಿದ್ರೆ ಹೋಗತ್ತೆ ಕಣಮ್ಮ. ಸುಮ್‌ಸುಮ್ನೆ ಅಳೋದು ಅದರ ಚಾಳಿ. ನಾವೆಲ್ಲ ಹಂಗೇ ಮಾಡೋದು."

"ಪಂಪ್ ಬಿಚ್ಚಿ ನೋಡಿದ್ರಾ ಅಣ್ಣ?"

ಅವನು ಪರದೆಯ ಕಡೆ ತಿರುಗಿದ. "ಈಗ್ಲೇ ಬಿಚ್ತೀನಿ. ನಿವೃತ್ತಿಗೆ ಎಂಟು ತಿಂಗಳಿದೆ. ಆ ಮೂರು ಸಹಿ ಮಾತ್ರ ಹೊಟ್ಟೆಗೆ ಹಾಕ್ಕೊಳಮ್ಮ."

"ನೀವೆಲ್ಲ ಹಂಗೇ ಮಾಡೋದಾದ್ರೆ, ಉಳಿದ ವಿಮಾನಗಳ ಕತೆ?"

ಅವನು ಪಂಪು ಬಿಚ್ಚಲು ಹೋದ. ಅವನೆದುರು ಮೇಲಿನವರಿಗೆ ವರದಿ ಬರೆಯಲು ಅವಳಿಗೆ ಮನಸ್ಸಾಗಿರಲಿಲ್ಲ. ಹೋದ ಮೇಲೆ ಬರೆದಳು. ಮೂರು ತಾರೀಖನ್ನೂ ಹಾಕಿದಳು.

ಪಂಪಿನ ಫಿಲ್ಟರಿನಲ್ಲಿ ಲೋಹದ ಪುಡಿ ಸಿಕ್ಕಿತು; ಪಂಪು ಒಳಗೊಳಗೇ ಸವೆಯುತ್ತಿತ್ತು. ಮೇಸ್ತ್ರಿಗೆ ಸಹಿ ಹಾಕುವ ಅಧಿಕಾರ ಹೋಯಿತು, ಉಗ್ರಾಣಕ್ಕೆ ಹಾಕಿದರು. ಒಂದು ದಿನ ಮೆಟ್ಟಿಲ ಬಳಿ ಎದುರಾದಾಗ ಅವಳು "ಅಣ್ಣ" ಎಂದಳು.

"ಹೇಳಿ ಮೇಡಂ," ಎಂದ.

ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಈಗ ಯಾವ ದೂರನ್ನು ಅಳಿಸಬೇಕಾದರೂ ಅವಳನ್ನು ಕೇಳಬೇಕೆಂಬ ನಿಯಮವಿದೆ. ಕೇಳುವವರು ಫೋನಿನಲ್ಲೇ ಕೇಳುತ್ತಾರೆ. ಅವಳು ಇಪ್ಪತ್ತೆರಡು ವಿಮಾನಗಳ ಸಂದೇಶ ಓದುತ್ತಾಳೆ, ಒಂದೊಂದನ್ನೂ ಬರೆದಿಡುತ್ತಾಳೆ, ಸಂಜೆ ನಾಲ್ಕಕ್ಕೆ ಕೋಣೆಗೆ ಬೀಗ ಹಾಕಿ ಹೊರಡುತ್ತಾಳೆ.