ಕೆಸರುಬಾಯಿಯ ದನಿ

ಹೊಟ್ಟೆಪಾಡಿಗೆ ಕುಡುಗೋಲು, ಹೆಸರಿಗೆ ನಾಲಿಗೆ. ಕತೆಯತ್ತೆಯ ಬದುಕು ಇವೆರಡರ ಮೇಲೆ ನಿಂತಿತ್ತು. ಹಗಲೆಲ್ಲ ಜೌಗಿನಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ಜೊಂಡು ಕೊಯ್ಯುವಳು. ಸಂಜೆ ಚಾಪೆ ಶೆಡ್ಡಿನಲ್ಲಿ ಹೆಣೆಯುತ್ತ ಕೂತರೆ ಕೇರಿಯ ಮಕ್ಕಳೆಲ್ಲ ಅವಳ ಸುತ್ತ. ಗಂಡ ತೀರಿಕೊಂಡಿದ್ದ. ಇದ್ದವಳು ಮಗಳೊಬ್ಬಳು. ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಚಿನಕುರುಳಿ ಎಂದು. ನಿದ್ದೆಯಲ್ಲೂ ಬಾಯಿ ಮುಚ್ಚದ ಹುಡುಗಿಗೆ ಬೇರೆ ಯಾವ ಹೆಸರು ಒಪ್ಪುತ್ತಿತ್ತು?

ಜೌಗಿನಲ್ಲಿ ಕೆಸರುಬಾಯಿ ಇದೆ ಎಂಬುದು ಮುತ್ತಜ್ಜಿಯರ ಕಾಲದ ಮಾತು. ಮೈತುಂಬ ಪಾಚಿ, ಕಣ್ಣಿಲ್ಲ, ಹಿಮ್ಮಡಿ ಹಿಡಿದು ಒಳಗೆಳೆಯುತ್ತದೆ. ಅಷ್ಟೇ ಇದ್ದದ್ದು. ಅಷ್ಟಕ್ಕೆ ಹೆದರುವ ಮಕ್ಕಳು ಈಗ ಎಲ್ಲಿದ್ದಾರೆ?

ಇನ್ನು ಅಲ್ಲಿನ ಕೆಲಸದ ರೀತಿ ಹೇಳಬೇಕು. ಜೊಂಡು ಆಳೆತ್ತರಕ್ಕೂ ಮೇಲೆ ಬೆಳೆಯುತ್ತದೆ. ಮಾರು ದೂರದಲ್ಲಿ ನಿಂತವರೂ ಕಾಣುವುದಿಲ್ಲ. ಆದ್ದರಿಂದ ಕೊಯ್ಯುವವರು ಆಗಾಗ ಒಬ್ಬರನ್ನೊಬ್ಬರು ಕೂಗುತ್ತಾರೆ, ಕೂಗಿದವರಿಗೆ ಓಗೊಡುತ್ತಾರೆ. ಅಲ್ಲಿ ದನಿಯೇ ಕಣ್ಣು. ಒಂದು ಸಲ ಒಂದು ಮಗು ಒಳಗಿನಿಂದ ತನ್ನ ತಾಯಿಯ ಕೂಗು ಕೇಳಿ "ಓ" ಎನ್ನುತ್ತ ಕೆಸರಿನ ಮೇಲೆ ಹಾಸಿದ ಹಲಗೆ ದಾರಿ ಬಿಟ್ಟು ಇಳಿಯಿತು. ಕುತ್ತಿಗೆವರೆಗೆ ಹೂತಿದ್ದದ್ದನ್ನು ದೋಣಿಯಣ್ಣ ಜುಟ್ಟು ಹಿಡಿದು ಎಳೆದ.

ತಾಯಂದಿರೆಲ್ಲ ಕತೆಯತ್ತೆಯ ಬಳಿಗೆ ಬಂದರು. "ಅಕ್ಕ, ನಮ್ಮ ಮಾತು ಕೇಳಲ್ಲ ಇವು. ನೀವೇ ಏನಾದ್ರೂ ಕಟ್ಟಿ ಹೇಳಿ" ಎಂದಳು ಪಕ್ಕದ ಮನೆಯ ದರ್ಜಿಯ ಹೆಂಡತಿ.

ಕತೆಯತ್ತೆ ಕಟ್ಟಿದಳು. ಕೆಸರುಬಾಯಿಗೆ ಸ್ವಂತ ದನಿಯಿಲ್ಲವಂತೆ, ಅಮ್ಮಂದಿರ ದನಿ ಕದ್ದು ಕರೆಯುತ್ತದಂತೆ. ಓಗೊಟ್ಟರೆ ಮುಗಿಯಿತು. ಎಲ್ಲಿದ್ದರೆ ಅಲ್ಲೇ ಕೂತು ಬಾಯಿ ಮುಚ್ಚಿಕೊಂಡಿರಬೇಕು, ಅಮ್ಮನ ಮುಖ ಕಾಣುವವರೆಗೆ.

"ನಾನೇ ನಿನ್ನ ನಿಜವಾದ ಅಮ್ಮ ಅಂದ್ರೆ?" ಚಿನಕುರುಳಿ ಕೇಳಿದಳು.

"ಅದೂ ಹಾಗೇ ಅನ್ನುತ್ತೆ."

"ಅತ್ತುಬಿಟ್ರೆ?"

"ಅಳೋದ್ರಲ್ಲಿ ಅದನ್ನ ಮೀರಿಸೋರೇ ಇಲ್ಲ."

ಮಕ್ಕಳ ಮುಖ ಸಪ್ಪಗಾಯಿತು. ಅಂದಿನಿಂದ ಒಂದು ಮಗುವೂ ನೀರಿಗಿಳಿಯಲಿಲ್ಲ. ಊರಿಗೆ ಊರೇ ಅವಳನ್ನು ಹೊಗಳಿತು. ಹೊಗಳುವುದಕ್ಕೆ ಊರಿನ ಗಂಟೇನು ಹೋಗುತ್ತದೆ?

ಆ ದಿನ ಬೆಳಗ್ಗೆ ಕತೆಯತ್ತೆ ಬುತ್ತಿ ಮರೆತು ಹೋಗಿದ್ದಳು. ಮಧ್ಯಾಹ್ನ ಮಗಳು ಅದನ್ನು ಕೊಟ್ಟುಬರಲು ಹೊರಟಳು. ಹಲಗೆಯ ಮೇಲೆ ನಡೆಯುವುದು ಅವಳಿಗೆ ಹೊಸದಲ್ಲ. ಆದರೆ ನಡುದಾರಿಯಲ್ಲಿ ಮಂಜು ಇಳಿಯಿತು. ಬುತ್ತಿಯ ಡಬ್ಬಿ ಹಲಗೆಯ ಅಂಚಿನಲ್ಲಿ ಸಿಕ್ಕಿತು, ಹುಡುಗಿ ಸಿಗಲಿಲ್ಲ.

ಕೊಯ್ಯುವವರೆಲ್ಲ ಸಾಲಾಗಿ ನಿಂತು ಕೂಗಿದರು. ಕತೆಯತ್ತೆ ಎಲ್ಲರಿಗಿಂತ ಮುಂದೆ, ಎದೆಮಟ್ಟ ನೀರಿನಲ್ಲಿ. "ಮಗಳೇ! ಓ ಅನ್ನೇ!" ಜೊಂಡು ಸರಸರ ಎಂದಿತು. ಮತ್ತೆ ಕೂಗಿದಳು. ಒಂದು ಪಿಸುಮಾತೂ ಬರಲಿಲ್ಲ.

ಆಗ ಅವಳಿಗೆ ಹೊಳೆಯಿತು. ಮಗು ಇಲ್ಲೇ ಎಲ್ಲೋ ಕೂತಿದೆ. ತನ್ನ ದನಿ ಕೇಳುತ್ತಿದೆ. ಅದಕ್ಕೇ ಸುಮ್ಮನಿದೆ.

"ಅದು ಸುಳ್ಳು ಕಣೇ! ನಾನೇ ಕಟ್ಟಿದ್ದು! ನಾನು ಕಣೇ, ನಿಜವಾದ ಅಮ್ಮ!" ಎಂದು ಅರಚಿದಳು. ಅರಚುತ್ತಿರುವಾಗಲೇ ಗೊತ್ತಾಯಿತು, ಕೆಸರುಬಾಯಿಯೂ ಹೀಗೇ ಅನ್ನುತ್ತದೆ. ಅತ್ತಳು. ಅದೂ ಅಳುತ್ತದೆ. ಮಗುವಿಗೆ ಹಾಡುತ್ತಿದ್ದ ಜೋಗುಳ ಹಾಡಿದಳು. ಜೋಗುಳ ಹಾಡುವುದರಲ್ಲೂ ಅದರದು ಎತ್ತಿದ ಕೈ ಎಂದು ಹೋದ ವಾರವಷ್ಟೇ ಮೆರುಗು ಕೊಟ್ಟಿದ್ದಳು. ಕತೆಯಲ್ಲಿ ನುಸುಳಲು ಒಂದು ಕಿಂಡಿಯನ್ನೂ ಬಿಟ್ಟಿರಲಿಲ್ಲ. ತನ್ನ ಕೈಯಾರೆ ಎಲ್ಲ ಮುಚ್ಚಿದ್ದಳು. ಕೊನೆಗೆ ಕೂಗುವುದನ್ನೇ ನಿಲ್ಲಿಸಿ ಮೂಕಿಯಂತೆ ಎರಡೂ ಕೈಯಿಂದ ಜೊಂಡು ಸರಿಸುತ್ತ ಹೋದಳು. ಅಂಗೈ ಸೀಳಿ ರಕ್ತ ಬಂತು. ಕತ್ತಲಾಯಿತು. ನಾಲ್ಕು ಜನ ಹಿಡಿದು ಅವಳನ್ನು ದಡಕ್ಕೆ ಹೊತ್ತು ತಂದರು.

ಬೆಳಗ್ಗೆ ಮಂಜು ಕರಗಿದ ಮೇಲೆ ದೋಣಿಯಣ್ಣ ಹುಡುಗಿಯನ್ನು ಕಂಡ. ಜೊಂಡಿನ ಬುಡದ ದಿಬ್ಬದ ಮೇಲೆ, ಸೊಂಟದವರೆಗೆ ನೀರಿನಲ್ಲಿ, ಮಂಡಿ ಅಪ್ಪಿಕೊಂಡು ಕೂತಿದ್ದಳು. ಚಳಿಗೇ ಪ್ರಾಣ ಹೋಗಿತ್ತು. ದನಿ ಹೊರಬರದಂತೆ ಲಂಗದ ಅಂಚನ್ನು ಬಾಯಿಗೆ ತುರುಕಿಕೊಂಡಿದ್ದಳು. ತಾಯಿ ನಿಂತು ಕೂಗಿದ ಜಾಗ ಅಲ್ಲಿಂದ ಒಂದು ದೋಣಿಯುದ್ದವೂ ಇರಲಿಲ್ಲ.

ಕತೆಯತ್ತೆ ಮತ್ತೆ ಕುಡುಗೋಲು ಮುಟ್ಟಲಿಲ್ಲ. ಮನೆ ಮನೆಗೆ ಹೋಗಿ ಹೇಳತೊಡಗಿದಳು: "ಮಕ್ಕಳಿಗೆ ಹೇಳ್ರಮ್ಮ, ಅಮ್ಮ ಕರೆದ್ರೆ ಓ ಅನ್ಬೇಕು ಅಂತ. ಕೆಸರುಬಾಯಿ ಇಲ್ಲ. ಅದು ನನ್ನ ಬಾಯಿ."

ತಾಯಂದಿರು ಕಣ್ಣೊರೆಸಿಕೊಂಡರು, ಕೂತುಕೊಳ್ಳಿ ಎಂದರು, ಊಟ ಹಾಕಿದರು. ಯಾರೂ ಮಕ್ಕಳಿಗೆ ಹೇಳಲಿಲ್ಲ. ಕತೆ ಸುಳ್ಳೆಂದರೆ ನಾಳೆ ಅವು ನೀರಿಗಿಳಿಯುವುದಿಲ್ಲವೇ? ಅದರಲ್ಲೂ ಈಗ ಒಂದು ಮಗು ಸತ್ತಿದೆ. ಇದಕ್ಕಿಂತ ದೊಡ್ಡ ಸಾಕ್ಷಿ ಯಾವುದು ಬೇಕು? "ಪಾಪ, ತಲೆ ನೆಟ್ಟಗಿಲ್ಲ" ಎಂದು ಅವಳು ಹೊಸ್ತಿಲು ದಾಟಿದ ಮೇಲೆ ಮೆಲ್ಲಗೆ ಅಂದುಕೊಂಡರು.

ಒಂದು ಸಂಜೆ ಕತೆಯತ್ತೆ ದೀಪ ಹಚ್ಚದೆ ಗೋಡೆಗೊರಗಿ ಕೂತಿದ್ದಳು. ಅವಳ ಮನೆಗೂ ದರ್ಜಿಯ ಮನೆಗೂ ನಡುವೆ ಇದ್ದದ್ದು ಒಂದೇ ಹಲಗೆ ಗೋಡೆ. ಆ ಕಡೆ ದರ್ಜಿಯ ಮಗಳು ತಾಯಿಯನ್ನು ಕೇಳುತ್ತಿದ್ದಳು, "ಚಿನಕುರುಳಿ ಯಾಕಮ್ಮ ಸತ್ತೋದ್ಲು?"

"ಅಮ್ಮ ಕರೀತಿದಾಳೆ ಅಂದ್ಕೊಂಡು ಓ ಅಂದ್ಬಿಟ್ಲು, ಅದಕ್ಕೇ. ಮೊದ್ಲೇ ಬಾಯಿಬಡುಕಿ. ಹೇಳಿದ ಮಾತು ಕೇಳ್ಲಿಲ್ಲ."

ಆ ಮಗು ಹೇಳಿದ ಮಾತು ಕೇಳಿದ್ದಕ್ಕೇ ಸತ್ತಿತ್ತು. ಕತೆಯತ್ತೆ ಎದ್ದು ಎರಡೂ ಮುಷ್ಟಿಯಿಂದ ಹಲಗೆ ಗುದ್ದಿದಳು. "ಇಲ್ಲ ಕಣೇ! ಅವಳು ಓ ಅನ್ಲಿಲ್ಲ! ನಾನು ಎಷ್ಟು ಕರೆದ್ರೂ ಒಂದ್ಸಲಾನೂ ಅನ್ಲಿಲ್ಲ! ಕೇಳಿಸ್ತಾ ಇದ್ಯಾ? ಯಾರಾದ್ರೂ ಮಾತಾಡ್ರೇ!"

ಆ ಕಡೆ ಹೊಲಿಗೆ ಯಂತ್ರ ನಿಂತಿತು. "ಅಮ್ಮ, ಅತ್ತೆ ಕರೀತಿದಾರೆ" ಎಂದಿತು ಮಗು.

"ಶ್..." ಎಂದಳು ತಾಯಿ. "ಓ ಅನ್ಬೇಡ."